ಹಂದಿ ಹಾಯ್ದ ಮೇಲಿನ ನಡಿಗೆ

ನನ್ನ ಅಕ್ಕನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಹಂದಿ ಹೇಗೆ ಹಾಯ್ದದ್ದು? ಅದನ್ನು ಹೇಳಿ ಮುಗಿಸಲು ಬಹಳ ಹೊತ್ತು ಬೇಡ. ಅಕ್ಕ ಮೀನಿನ ಬುಟ್ಟಿ ಹೊತ್ತು ಕೊಕ್ಕರ್ಣೆಯ ಒಳಗಿನ ಒಂದು ಹಾಡಿಯಲ್ಲಿ ಇಳಿಯುತ್ತಿದ್ದಳು. ಹಾಡಿ ಅಂದರೆ ಮನೆ ಮನೆಗಳ ನಡುವೆ ಉಳಿದ ಸಣ್ಣ ಕಾಡು. ಪೊದೆಯೊಳಗೆ ಗುರ್ ಅಂದಿತು. ಅವಳು ತಿರುಗುವುದರೊಳಗೆ ಒಂದು ಗಂಡು ಹಂದಿ ಅವಳ ಎಡಗಾಲಿನ ಬದಿಗೆ ಕೋರೆ ಹಾಕಿ, ಎಳೆದು, ಆಚೆ ಹೋಗಿಯೂ ಆಗಿತ್ತು. ಕೊಡೆ ಬಿಡಿಸುವಷ್ಟು ಹೊತ್ತಿನ ಕೆಲಸ. ಬುಟ್ಟಿಯ ಬಂಗುಡೆ ಅಷ್ಟೂ ತರಗೆಲೆಯ ಮೇಲೆ ಚೆಲ್ಲಿತ್ತು. ಕೆಳಗಿನ ಮನೆಯವರು ಕೂಗು ಕೇಳಿ ಓಡಿ ಬಂದಾಗ ಅವಳು ಸೆರಗು ಹರಿದು ಮೊಣಕಾಲಿಗೆ ಬಿಗಿದುಕೊಂಡು ಕೂತಿದ್ದಳಂತೆ. "ಮೊದ್ಲ್ ಮೀನ್ ಹೆಕ್ಕಿ, ಕಾಕಿ ಬತ್ತ್" ಅಂದಳಂತೆ, ಕಾಗೆ ಬಂದು ಕಚ್ಚಿಕೊಂಡು ಹೋದೀತೆಂದು. ಆಮೇಲೆ ಪ್ರಜ್ಞೆ ತಪ್ಪಿತು.

ಕೇಳಿದವರು ಅಲ್ಲಿಗೆ ತೃಪ್ತಿಯಾಗಿ ಎದ್ದು ಹೋಗುತ್ತಾರೆ. ನನಗೆ ಬರೆಯಬೇಕು ಅನಿಸಿದ್ದು ಅಲ್ಲಿಂದ ಮುಂದಿನದು. ಗಾಯ ಒಣಗಿದ ಮೇಲೆ ಇನ್ನೇನಿದೆ ಎಂದು ಮೊದಲು ನಾನೂ ಅಂದುಕೊಂಡಿದ್ದೆ.

ನನ್ನದು ಸಾಲಿಗ್ರಾಮದಲ್ಲಿ ಒಂದು ಸಣ್ಣ ಟೈಲರ್ ಅಂಗಡಿ. ಅಕ್ಕನ ಮನೆ ಅಲ್ಲಿಂದ ಪಶ್ಚಿಮಕ್ಕೆ, ಕಡಲ ಬದಿಯಲ್ಲಿ. ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನು. ಹತ್ತನೇ ತರಗತಿ ಪಾಸಾದದ್ದು ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗ. ಆದ್ದರಿಂದ ಡಾಕ್ಟರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಅಡಿಯಲ್ಲೇ, ಮೂಳೆಯನ್ನು ಬಳಸಿಕೊಂಡು ಒಂದು ನರ ಕೆಳಗೆ ಇಳಿಯುತ್ತದೆ. ಪಾದದ ಮುಂಭಾಗವನ್ನು ಮೇಲೆತ್ತುವುದು ಆ ನರದ ಕೆಲಸ. ಹಂದಿಯ ಕೋರೆ ಸರಿಯಾಗಿ ಅಲ್ಲೇ ಹಾಯ್ದಿತ್ತು.

ಹೊಲಿಗೆ ಹಾಕಿ ಕೆಲವು ದಿನ ಕಳೆದ ಮೇಲೆ ನರ್ಸ್ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಅಕ್ಕ ಒಂದು ಹೆಜ್ಜೆ ಇಟ್ಟಳು. ಹಿಮ್ಮಡಿ ಎದ್ದಿತು, ಬೆರಳುಗಳು ಏಳಲಿಲ್ಲ. ಪಾದ ನೇತಾಡಿಕೊಂಡು ನೆಲಕ್ಕೆ ಉಜ್ಜಿತು.

"ಎಂತ ಇದ್? ಕಾಲ್ ನನ್ ಮಾತ್ ಕೇಂತಿಲ್ಲೆ" ಅಂದಳು ನನ್ನ ಕಡೆ ತಿರುಗಿ.

"ನಿನ್ ಕಾಲಲ್ದಾ, ನಿನ್ನಾಂಗೇ" ಅಂದೆ. ಅವಳು ನಕ್ಕಳು.

ಮನೆಗೆ ಬಂದ ಮೇಲೆ ಇನ್ನೊಂದು ಫಜೀತಿ. ಗಾಯ ಇರುವವರು ಮೀನು ತಿಂದರೆ ನಂಜಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನೋಡಲು ಬಂದವರೆಲ್ಲ ಅದನ್ನೇ ಹೇಳಿ ಹೋದರು. ಅಕ್ಕನ ಅತ್ತೆ ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟರು. ಹುಟ್ಟಿದಾಗಿನಿಂದ ಮೀನಿನ ಸಾರು ಇಲ್ಲದೆ ಊಟ ಮಾಡದ ಹೆಂಗಸು ಸೊರಗಿದಳು, ಗಾಯ ಹಸಿಯಾಗಿಯೇ ಉಳಿಯಿತು. ಡಾಕ್ಟರಮ್ಮ ಗಾಯ ನೋಡಿ, ಏನು ಊಟ ಮಾಡುತ್ತೀರಿ ಎಂದು ಕೇಳಿ ತಲೆ ಚಚ್ಚಿಕೊಂಡರು. "ಮೀನು ಮಾರುವವರೇ ಮೀನು ಬಿಟ್ಟರೆ ಹೇಗಮ್ಮಾ? ಮಾಂಸ ಕೂಡುವುದು ಯಾವುದರಿಂದ? ದಿನಾ ತಿನ್ನಿ." ಆ ದಿನ ಮನೆಗೆ ಬಂದು ಅಕ್ಕ ಅತ್ತೆಯ ಎದುರು ಕೂತು ಹೇಳಿದ್ದು ನನಗೆ ನೆನಪಿದೆ. "ಅತ್ತೆ, ಡಾಕ್ಟ್ರ್ ಚೀಟಿ ಬರ್ದ್ ಕೊಟ್ಟಿರ್. ಬಂಗ್ಡಿ ಬೆಳಿಗ್ಗೆ ಒಂದ್, ಮಧ್ಯಾಹ್ನ ಎರಡ್." ಅತ್ತೆ ನಂಬಿ ಒಲೆ ಹಚ್ಚಿದರು.

ಗಾಯ ಕೂಡಿತು. ಪಾದ ಏಳಲಿಲ್ಲ. ಇವತ್ತಿಗೂ ಏಳುವುದಿಲ್ಲ. ಮೊಣಕಾಲಿನಿಂದ ಕೆಳಗೆ ಹೊರಬದಿ, ಪಾದದ ಮೇಲ್ಭಾಗ, ಬೆರಳುಗಳ ಬೆನ್ನು ಎಲ್ಲ ಜೋಮು. ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗೆ ಅನ್ನುತ್ತಾಳೆ. ಚಳಿಗಾಲದ ಬೆಳಿಗ್ಗೆ ಹೊಲಿಗೆಯ ಜಾಗ ದಾರ ಎಳೆದಂತೆ ಸೆಳೆಯುತ್ತದೆ. ಒಂದು ಕಾಲು ಎಳೆಯುವುದರಿಂದ ಇನ್ನೊಂದು ಬದಿಯ ಸೊಂಟ ನೋಯುತ್ತದೆ. ತರಗೆಲೆಯ ಮೇಲೆ ಕೋಳಿ ಕೆರೆದರೂ ಮೈ ಸೆಟೆದು ನಿಲ್ಲುತ್ತಾಳೆ. ಹಾಡಿಗೆ ಕಾಲಿಡುವ ಮೊದಲು ಈಗ ಜೋರಾಗಿ ಕೂಗುತ್ತಾಳೆ. "ಹ್ವಾಯ್ ಹಂದೀ, ನಾನ್ ಬತ್ತಾ ಇದ್ದೆ. ನಿನ್ ದಾರಿ ನಿಂಗೆ, ನನ್ ದಾರಿ ನಂಗೆ." ಮೊದಲ ಸಲ ಕೇಳಿದಾಗ ನಾನು ನಕ್ಕೆ. ಅವಳು ನಗುತ್ತಿರಲಿಲ್ಲ.

ಪಾದ ಜೋತು ಬೀಳದಂತೆ ಹಿಡಿಯಲು ಆಸ್ಪತ್ರೆಯಲ್ಲಿ ಅವಳ ಕಾಲಿನ ಅಳತೆ ತೆಗೆದು ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಮಾಡಿಕೊಟ್ಟರು. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲಿನ ಅಡಿಗೆ ಬಾಗುವ ಬಿಳಿ ಪಟ್ಟಿ. ನೋಡಲು ಅಡಿಕೆ ಹಾಳೆಯ ಹಾಗೇ ಇದೆ. ಅಕ್ಕ ಅದಕ್ಕೆ ಹಾಳೆ ಎಂದೇ ಹೆಸರಿಟ್ಟಳು. "ನನ್ ಹಾಳಿ ಎಲ್ಲಿತ್ತ್?" ಎಂದು ಬೆಳಿಗ್ಗೆ ಹುಡುಕುತ್ತಾಳೆ. ಹಾಳೆಯ ಅಂಚು ತಾಗಿ ಚರ್ಮ ಕೆಂಪಾಗುತ್ತಿತ್ತು. ನಾನು ಒಳಗೆ ಮೆತ್ತನೆ ಬಟ್ಟೆಯ ಅಸ್ತರ್ ಹೊಲಿದುಕೊಟ್ಟೆ. ಬೆವರಿಗೆ ಕೊಳೆಯಾದರೆ ಬಿಚ್ಚಿ ಒಗೆಯುವ ಹಾಗೆ. ನನ್ನ ಕೈಯಿಂದ ಆದದ್ದು ಅಷ್ಟೇ.

ಹಾಳೆ ಹಾಕಿದರೆ ಅದರ ಮೇಲೆ ಬೂಟು ಹಾಕಲೇಬೇಕು. ಇಲ್ಲದಿದ್ದರೆ ಜಾರುತ್ತದೆ. ಶಾಲೆಯ ಮಕ್ಕಳು ಹಾಕುವಂಥ, ಪಟ್ಟಿ ಅಂಟಿಸುವ ಕಪ್ಪು ಬೂಟು ತಂದೆವು. ಎಡಗಾಲಿಗೆ ಮಾತ್ರ. ಬಲಗಾಲಿಗೆ ಅವಳ ಹಳೆಯ ಚಪ್ಪಲಿಯೇ. ಮೊದಲ ದಿನ ಬಸ್ಸು ಹತ್ತುವಾಗ ಪರಿಚಯದ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದ. "ಹೋಯ್ ಅಕ್ಕ, ಪೊಲೀಸ್ ಕೆಲ್ಸ ಸಿಕ್ತಾ? ಒಂದೇ ಬೂಟ್ ಕೊಟ್ಟಿರಾ?"

"ಹೌದ್ ಮರಾಯಾ. ಮೊದ್ಲ್ ನಿನ್ನೇ ಹಿಡಿತೆ, ಚಿಲ್ರಿ ಕೊಡ್ದಿದ್ದಕೆ."

ಬಸ್ಸಿಡೀ ನಕ್ಕಿತು. ಅವನು ಇಳಿದು ಅವಳ ಬುಟ್ಟಿ ಎತ್ತಿ ಒಳಗಿಟ್ಟ.

ಅವಳು ಮತ್ತೆ ಮೀನು ಹೊರಲು ಹೊರಟದ್ದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಬ್ರಹ್ಮಾವರದ ಮಾರುಕಟ್ಟೆಯಲ್ಲಿ ಒಂದು ಜಾಗ ಹಿಡಿದು ಕೂತು ಮಾರು ಎಂದು ಭಾವ ಹೇಳಿದ. ನಾನೂ ಹೇಳಿದೆ.

"ಕೂತ್ರೆ ಅದ್ ಮೀನ್ ಮಾರುದಲ್ಲ, ಮೀನ್ ಕಾಯುದ್" ಅಂದಳು. "ನನ್ ಮನಿಯವ್ರ್ ಅಲ್ಲಿಗ್ ಬತ್ರಾ?"

ನನ್ನ ಮನೆಯವರು ಎಂದು ಅವಳು ಹೇಳಿದ್ದು ಕೊಕ್ಕರ್ಣೆಯ ಆ ಮನೆಗಳನ್ನು. ಅವು ಮೊದಲು ನಮ್ಮ ಅಮ್ಮನ ಮನೆಗಳು. ಅಮ್ಮನ ಬೆನ್ನ ಹಿಂದೆ ಹೋಗಿ ಹೋಗಿ ಅಕ್ಕನವಾದವು. ಯಾವ ಮನೆಯ ಮಗುವಿಗೆ ಮುಳ್ಳಿಲ್ಲದ ಮೀನು ಬೇಕು, ಯಾರಿಗೆ ವೈದ್ಯರು ಸಿಗಡಿ ಬೇಡ ಅಂದಿದ್ದಾರೆ, ಯಾರ ಸೊಸೆ ಬಸುರಿ ಎಲ್ಲ ಅವಳಿಗೆ ಗೊತ್ತು. ಅವಳು ಮಲಗಿದ್ದ ತಿಂಗಳುಗಳಲ್ಲಿ ಸ್ಕೂಟರಿನಲ್ಲಿ ಪೆಟ್ಟಿಗೆ ಕಟ್ಟಿ, ಪೋಂ ಪೋಂ ಎಂದು ಹಾರನ್ ಒತ್ತಿ ಮೀನು ಮಾರುವವನೊಬ್ಬ ಆ ದಾರಿಗೆ ಬರತೊಡಗಿದ್ದ. ಒಳ್ಳೆಯ ಹುಡುಗನೇ. ಆದರೆ ಅಕ್ಕ ಇನ್ನು ಸ್ವಲ್ಪ ದಿನ ಹೋಗದಿದ್ದರೆ ಆ ಮನೆಗಳು ಅವನವಾಗುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳು ಹೋದಳು. ನಾನು ಒಂದೆರಡು ಭಾನುವಾರ ಜೊತೆಗೆ ಹೋದೆ. ಬುಟ್ಟಿ ಕೊಡು ಅಂದರೆ ಕೊಡಲಿಲ್ಲ. "ನಿನ್ ತಲಿ ಮೇಲೆ ಬುಟ್ಟಿ ಕಂಡ್ರೆ ನನ್ ಮೀನ್ ಯಾರ್ ತಕಂತ್ರ್? ನೀನ್ ಅಂಗಿ ಹೊಲಿ." ಹಾಳೆ, ಬೂಟು ಹಾಕಿದ ಕಾಲು ಏರು ದಾರಿಯಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆ ಇದ್ದದ್ದು ಮನೆಗಳ ಬಾಗಿಲಲ್ಲಿ.

ಆ ಕಡೆಯ ಹಳೆಯ ಮನೆಗಳ ಬೇಲಿಗೆ ಈಗಲೂ ದಣಪೆ ಇದೆ. ಎರಡು ಕಲ್ಲು ಕಂಬ, ಅವುಗಳ ತೂತಿಗೆ ಅಡ್ಡ ಸೇರಿಸಿದ ಮರದ ಗಳುಗಳು. ದನ ಬರಬಾರದು, ಮನುಷ್ಯರು ಕೆಳಗಿನ ಗಳು ದಾಟಿ ಬರಬೇಕು. ಅಕ್ಕ ದಣಪೆಯ ಹತ್ತಿರ ಬುಟ್ಟಿ ಇಳಿಸಿದಳು. ಕಲ್ಲಿನ ಮೇಲೆ ಕೂತಳು. ಬೂಟಿನ ಪಟ್ಟಿ ಬಿಚ್ಚಿದಳು, ಬೂಟು ತೆಗೆದಳು, ಹಾಳೆ ತೆಗೆದಳು, ಎರಡನ್ನೂ ದಾಸವಾಳದ ಬುಡದಲ್ಲಿಟ್ಟಳು. ಬಲಗಾಲಿನ ಚಪ್ಪಲಿಯನ್ನೂ ಬಿಟ್ಟಳು. ಮತ್ತೆ ಬುಟ್ಟಿ ಹೊತ್ತು, ಒಂದು ಕೈಯಲ್ಲಿ ಎಡಗಾಲಿನ ಸೀರೆ ಹಿಡಿದೆತ್ತಿ ದಾಟಿ, ಗದ್ದೆಯ ಕೊಕ್ಕರೆಯ ಹಾಗೆ ಮೊಣಕಾಲು ಎತ್ತಿ ಎತ್ತಿ ಅಂಗಳಕ್ಕೆ ನಡೆದಳು. ಪಾದ ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಮಾರಿ ಬಂದು ಮತ್ತೆ ಕೂತು ಎಲ್ಲ ಹಾಕಿಕೊಂಡಳು. ಮುಂದಿನ ಮನೆಯಲ್ಲಿ ಮತ್ತೆ ಅದೇ.

"ಎಂತಕೆ ತೆಗಿತೆ ಮಾರಾಯ್ತಿ? ಮಧ್ಯಾಹ್ನ ಆಯ್ತ್, ಮೀನ್ ಮೆತ್ತಗಾತ್" ಅಂದೆ.

"ಅಂಗಳಕ್ಕೆ ಮೆಟ್ಟ್ ಹಾಯ್ಕಂಡ್ ಹೋಪುಕಾಗ."

ಮೆಟ್ಟು, ಅಂದರೆ ಚಪ್ಪಲಿ, ಹಾಕಿಕೊಂಡು ಅಂಗಳಕ್ಕೆ ಹೋಗಬಾರದು ಎನ್ನುವುದು ಅಮ್ಮ ಕಲಿಸಿದ್ದು. ನಮಗೆ ಅನ್ನ ಕೊಡುವ ಅಂಗಳ, ಕಾಲು ತೊಳೆದು ಬರಿಗಾಲಲ್ಲೇ ಹೋಗಬೇಕು ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಕಾಲದಲ್ಲಿ ಅವಳಿಗೆ ಮೆಟ್ಟೇ ಇರಲಿಲ್ಲ, ಆ ಮಾತು ಬೇರೆ.

ಒಂದು ದಿನ ಒಂದು ಮನೆಯ ಸೊಸೆ ಅಕ್ಕನನ್ನು ತಡೆದು, ಅಂಗಳದಲ್ಲಿ ರಕ್ತ ಬಿದ್ದಿದೆ ನೋಡು ಅಂದಳಂತೆ. ಅಕ್ಕ ಬಗ್ಗಿ ನೋಡಿ, "ಮೀನಿಂದ್ ಅದ್, ಬುಟ್ಟಿ ಸೋರ್ತಾ ಇತ್ತ್" ಎಂದು ನೀರು ಹಾಕಿ ತೊಳೆದು ಮುಂದಕ್ಕೆ ಹೋದಳು. ಇಡೀ ಜನ್ಮ ಮೀನಿನ ರಕ್ತ ಕಂಡವಳಿಗೆ ಬೇರೆ ಯೋಚನೆ ಬರಲಿಲ್ಲ. ಸಂಜೆ ಮನೆಯಲ್ಲಿ ಕಾಲಿಗೆ ನೀರು ಹಾಕುವಾಗ ನೋಡಿದರೆ ಎಡಗಾಲಿನ ಬೆರಳುಗಳ ಬೆನ್ನು ಸುಲಿದು ಮಾಂಸ ಕಾಣುತ್ತಿತ್ತು. ಜೋತ ಬೆರಳುಗಳು ಒರಟು ಮುರಕಲ್ಲಿನ ಮೆಟ್ಟಿಲುಗಳ ಮೇಲೆ ದಿನವೆಲ್ಲ ಉಜ್ಜಿವೆ. ಅವಳಿಗೆ ನೋವೇ ಆಗಿರಲಿಲ್ಲ.

ಹುಣ್ಣು ಕೀವು ತುಂಬಿತು. ಡಾಕ್ಟರಮ್ಮ ಈ ಸಲ ತಲೆ ಚಚ್ಚಿಕೊಳ್ಳಲಿಲ್ಲ, ಗದರಿಸಿಯೇ ಹೇಳಿದರು. "ಈ ಕಾಲು ಅಪಾಯ ಬಂದರೂ ನಿಮಗೆ ಹೇಳುವುದಿಲ್ಲಮ್ಮ. ನೀವೇ ನೋಡಿಕೊಳ್ಳಬೇಕು. ಬರಿಗಾಲಲ್ಲಿ ನಡೆದು ಇನ್ನೊಮ್ಮೆ ಹೀಗಾದರೆ ಬೆರಳು ಉಳಿಸುವುದು ಕಷ್ಟ. ಅದು ಪಾದಕ್ಕೆ ಏರಿದರೆ ಪಾದವೂ ಕಷ್ಟ."

ಅಕ್ಕ ಮತ್ತೆ ಮನೆಯಲ್ಲಿ ಕೂತಳು. ಪೋಂ ಪೋಂ ಸ್ಕೂಟರು ಮತ್ತೆ ಆ ದಾರಿಗೆ ಹೋಯಿತು.

ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅಕ್ಕನ ಮೊಬೈಲಿನಿಂದ ಒಂದು ಮನೆಯ ಅಮ್ಮನ ನಂಬರು ತೆಗೆದು ಅಂಗಡಿಯಿಂದ ಫೋನ್ ಮಾಡಿದೆ. ಅವರು ವಯಸ್ಸಾದವರು, ನಮ್ಮ ಅಮ್ಮನ ಕಾಲದಿಂದ ಮೀನು ಕೊಳ್ಳುವವರು. ಅಕ್ಕ ಬೂಟು ಹಾಕಿಕೊಂಡೇ ಅಂಗಳಕ್ಕೆ ಬಂದರೆ ಆಗಬಹುದೇ ಎಂದು ಕೇಳಿದೆ.

ಅವರು ಜೋರಾಗಿ ನಕ್ಕರು. "ನಮ್ ಮೊಮ್ಮಕ್ಳ್ ಬೂಟ್ ಹಾಯ್ಕಂಡ್ ಸೀದಾ ಅಡ್ಗಿ ಕೋಣಿಗೇ ಬತ್ತೊ! ನಿನ್ ಅಕ್ಕಂಗೆ ಎಂತ ತಲಿ ಕೆಟ್ಟಿತ್ತಾ? ಬಪ್ಪುಕೆ ಹೇಳಿ."

ಖುಷಿಯಿಂದ ಹೋಗಿ ಅಕ್ಕನಿಗೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ನಾನ್ ಕೇಣ್ ಅಂದಿದ್ನಾ?"

"ಅವ್ರೇ ಅಡ್ಡಿಲ್ಲೆ ಅಂದ್ರ್ ಅಕ್ಕ."

"ಅಂತ್ರ್. ಪಾಪ ಅಂದೇಳಿ ಅಂತ್ರ್. ಅವ್ರ್ ದೊಡ್ಡ್ ಮನ್ಸ್ ಮಾಡ್ತ್ರ್, ನಾನ್ ಸಣ್ಣ ಆತೆ. ಕುಂಟಿ ಬಂದ್ಲ್, ಬಿಡಿ ಅಂದೇಳಿ ಮೀನ್ ತಕಂಬುದ್ ಬ್ಯಾಡ ನಂಗೆ. ಮೀನ್ ಲಾಯ್ಕಿತ್ ಅಂದೇಳಿ ತಕಣ್ಕ್."

"ಹಾಂಗಾರೆ ಬೆರಳ್ ಕೊಯ್ಸ್ಕಂತ್ಯಾ?"

ಅವಳು ಎದ್ದು ಒಳಗೆ ಹೋದಳು. ನಾನೂ ಸಿಟ್ಟಿನಲ್ಲಿ ಚಹಾ ಕುಡಿಯದೆ ಎದ್ದು ಬಂದೆ. ದಾರಿಯಲ್ಲಿ ಮಾತ್ರ ಅನಿಸಿತು, ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಹೊಲಿಗೆ ಚೆನ್ನಾಗಿಲ್ಲದಿದ್ದರೂ ಪಾಪದವನು ಎಂದು ಯಾರಾದರೂ ಬಟ್ಟೆ ಕೊಟ್ಟರೆ ನಾನು ಅದನ್ನು ಹೊಲಿಯಬಲ್ಲೆನೇ?

ಹುಣ್ಣು ಮಾಗಿದ್ದೇ ತಡ, ಅಕ್ಕ ಹೊರಟಳು. ಮತ್ತೆ ದಣಪೆಯಲ್ಲಿ ಬಿಚ್ಚುವುದು, ಬರಿಗಾಲಲ್ಲಿ ಹೋಗುವುದು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಅಷ್ಟೇ ವ್ಯತ್ಯಾಸ. ಆ ಭಾನುವಾರ ನಾನು ಹೇಳದೆ ಕೇಳದೆ ಜೊತೆಗೆ ಬಸ್ಸು ಹತ್ತಿದೆ. ಅವಳು ಬೇಡ ಅನ್ನಲಿಲ್ಲ.

ನಾನು ಫೋನ್ ಮಾಡಿದ್ದ ಆ ಅಮ್ಮನ ಮನೆ. ಕೊಯ್ಲು ಮುಗಿದ ಕಾಲ. ಬೇಯಿಸಿದ ಭತ್ತವನ್ನು ಅಂಗಳದ ತುಂಬ ಚಾಪೆ ಹಾಸಿ ಒಣಗಲು ಹರಡಿದ್ದರು. ಚಾಪೆಗಳ ನಡುವೆ ನಡೆಯಲು ಸ್ವಲ್ಪ ಜಾಗ ಬಿಟ್ಟಿದ್ದರು. ಅಕ್ಕ ಮೊಣಕಾಲು ಎತ್ತಿ ಎತ್ತಿ ಜಾಗ್ರತೆಯಿಂದಲೇ ಹೋಗುತ್ತಿದ್ದಳು. ಬೆರಳಿಗೆ ಸುತ್ತಿದ ಬಟ್ಟೆ ಚಾಪೆಯ ಅಂಚಿಗೆ ಸಿಕ್ಕಿತು. ಸಿಕ್ಕಿದ್ದು ಅವಳಿಗೆ ತಿಳಿಯಲಿಲ್ಲ. ಮುಂದಿನ ಹೆಜ್ಜೆಗೆ ಚಾಪೆಯೂ ಎದ್ದು ಬಂತು. ನಾನು ಹಿಂದಿನಿಂದ ಓಡಿ ಹಿಡಿಯುವುದರೊಳಗೆ ಅವಳು ಭತ್ತದ ಮೇಲೆ ಮಗುಚಿ ಬಿದ್ದಿದ್ದಳು. ಮೀನು, ಮಂಜುಗಡ್ಡೆ, ಕೆಂಪು ನೀರು ಎಲ್ಲ ಭತ್ತದ ಮೇಲೆ.

ಆ ಮನೆಯ ಅಮ್ಮ ಒಳಗಿನಿಂದ ಓಡಿ ಬಂದರು. "ಅಯ್ಯೋ ಹೆಣ್ಣೇ, ಕಾಲಿಗ್ ಎಂತ ಆಯ್ತ್?"

ಅಕ್ಕ ಕಾಲು ನೋಡಲಿಲ್ಲ. ಬಿದ್ದಲ್ಲೇ ಮಂಡಿಯೂರಿ, ಎರಡೂ ತೋಳಿನಿಂದ ಒಣ ಭತ್ತವನ್ನು ಅತ್ತ ಸರಿಸುತ್ತಿದ್ದಳು, ನೀರು ಹರಿದು ಅದಕ್ಕೂ ತಾಗದಿರಲಿ ಎಂದು. "ಒಡ್ತೀ, ಒಂದ್ ಗೆರ್ಸಿ ಕೊಡಿ, ಬೇಗ. ತಮ್ಮಾ, ಕಂಡ್ಕಂಡ್ ಎಂತ ನಿಂತಿದೆ? ಮೀನ್ ಹೆಕ್ಕ್!"

ನಾನು ಮೀನು ಹೆಕ್ಕಿದೆ. ಒದ್ದೆಯಾದ ಭತ್ತವನ್ನು ಅವಳು ಬಿದಿರಿನ ಗೆರಸಿಗೆ ತುಂಬಿ ಬಾವಿಕಟ್ಟೆಗೆ ಹೊತ್ತು, ನೀರು ಬದಲಿಸಿ ಬದಲಿಸಿ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು ಬೇರೆ ಚಾಪೆಯಲ್ಲಿ ಹರಡಿದಳು. ಸಾಕು ಬಿಡು ಎಂದು ಅಮ್ಮ ಹೇಳಿದರೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಅಮ್ಮ ಸೊಂಟಕ್ಕೆ ಕೈಯಿಟ್ಟು ಬೈಯಲು ಶುರು ಮಾಡಿದರು.

"ಆ ಬೂಟ್ ಅಲ್ಲಿ ಎಂತಕೆ ಇಟ್ಟ್ ಬಂದದ್? ನಾಯಿ ಕಚ್ಕಂಡ್ ಹೋಪುಕಾ? ನಿನ್ನಮ್ಮ ಬಪ್ಪತಿಗೆ ಇದ್ ಸಗಣಿ ಸಾರ್ಸಿದ ಅಂಗಳ. ಈಗ ಕಾಣ್, ಸಿಮೆಂಟ್ ಇಟ್ಟಿಗಿ. ಇದ್ರ್ ಮೇಲೆ ಕಾರ್ ಬತ್ತ್, ನಿನ್ ಬೂಟ್ ಬಪ್ಪುಕಾಗ್ದಾ?"

ಅಕ್ಕ ತಲೆಯೆತ್ತಲಿಲ್ಲ. ಆ ದಿನ ಬೇರೆ ಮನೆಗಳಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಬ್ರಹ್ಮಾವರ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಹೇಳಿದಳು. "ಅಂಗಳಕ್ಕ್ ಮರ್ಯಾದಿ ಕೊಡ್ತೆ ಅಂದೇಳಿ ಅನ್ನದ್ ಮೇಲೇ ಬಿದ್ದೆ ಅಲ್ದಾ."

ಇನ್ನು ಇವಳು ಮನೆಯಲ್ಲೇ ಕೂರುತ್ತಾಳೆ ಎಂದುಕೊಂಡು ನಾನು ಸುಮ್ಮನಾದೆ. ನನಗೆ ದುಃಖವೂ ಆಯಿತು, ಒಂದು ರೀತಿಯಲ್ಲಿ ಸಮಾಧಾನವೂ ಆಯಿತು.

ಮರುದಿನ ಬೆಳಿಗ್ಗೆ ಅವಳದೇ ಫೋನು. "ಅಂಗಡಿ ಬಾಗ್ಲ್ ಮಧ್ಯಾಹ್ನ ತೆಗಿ. ಬಸ್ ಸ್ಟ್ಯಾಂಡಿಗೆ ಬಾ. ನಿನ್ನೆ ಬಿದ್ದದ್ ಕಂಡಿದೆ, ಇವತ್ತಿಂದೂ ಕಾಣ್."

ಅವಳ ಕೈಯಲ್ಲಿ ಒಂದು ಬಾಟಲಿ ನೀರಿತ್ತು. ಕುಡಿಯಲು ಎಂದುಕೊಂಡೆ. ಆ ಅಮ್ಮನ ದಣಪೆಯ ಹತ್ತಿರ ಬುಟ್ಟಿ ಇಳಿಸಿ ಕೂತಳು. ಬಲಗಾಲಿನ ಚಪ್ಪಲಿ ಬಿಟ್ಟಳು. ಎಡಗಾಲಿನ ಬೂಟಿಗೆ ಕೈ ಹಾಕಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಬಲಗಾಲಿಗೆ ನೀರು ಹೊಯ್ದಳು. ಆಮೇಲೆ ಎಡಗಾಲನ್ನು ಎತ್ತಿ ಹಿಡಿದು ಬೂಟಿನ ಅಡಿಗೆ, ಬದಿಗೆ, ಬೆರಳುಗಳ ಕಡೆಗೆ ನೀರು ಹೊಯ್ದು ಕೈಯಿಂದ ಉಜ್ಜಿ ತೊಳೆದಳು. ದೇವಸ್ಥಾನದ ಎದುರು ಕಾಲು ತೊಳೆಯುತ್ತೇವಲ್ಲ, ಹಾಗೆ.

ನಾನು ನೋಡುತ್ತಲೇ ನಿಂತೆ. ಅವಳು ನನಗೆ ಹೇಳಿದಳು. "ಇದ್ ಮೆಟ್ಟಲ್ಲ, ಕಾಲ್. ಹಂದಿ ಕೊಟ್ಟದ್ ಹೊಸ ಕಾಲ್. ಕಾಲ್ ತೊಳ್ಕಂಡ್ ಒಳಗ್ ಹೋಪುದ್, ಅಮ್ಮ ಹೇಳಿದ್ದ್ ಅಷ್ಟೇ ಅಲ್ದಾ?"

ಯಾರ ಅಪ್ಪಣೆಯನ್ನೂ ಅವಳು ಕೇಳಿರಲಿಲ್ಲ. ಯಾರ ಕರುಣೆಯನ್ನೂ ತೆಗೆದುಕೊಂಡಿರಲಿಲ್ಲ. ನಮ್ಮ ಅಮ್ಮನ ಮಾತನ್ನೂ ಬಿಟ್ಟಿರಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ನಾನು ಎಷ್ಟೋ ಓದಿದ್ದೆ, ಇಂಥ ಯೋಚನೆ ನನ್ನ ತಲೆಗೆ ಬಂದಿರಲಿಲ್ಲ.

ಗಳು ದಾಟಿದಳು. ಬೂಟು ಅಂಗಳದಲ್ಲಿ ಊರಿತು. ಪಟ್ ಪಟ್ ಸದ್ದಿಲ್ಲ. "ಹ್ವಾಯ್ ಒಡ್ತೀ, ಮೀನ್!"

ಮನೆಯ ಅಮ್ಮ ಹೊರಗೆ ಬಂದು ಬುಟ್ಟಿಗೆ ಇಣುಕಿದರು. "ಎಂತ ಇತ್ತ್?"

"ಬಂಗ್ಡಿ. ಲಾಯ್ಕಿತ್."

"ಬಂಗ್ಡಿ ಬ್ಯಾಡ ಮಾರಾಯ್ತಿ. ಈ ವರ್ಷ ನಮ್ಗೆ ಅನ್ನದಾಗೇ ಬಂಗ್ಡಿ ಇತ್ತ್."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಮ್ಮನೂ ನಕ್ಕರು. ಕೊನೆಗೆ ತೆಗೆದುಕೊಂಡದ್ದು ಬಂಗುಡೆಯನ್ನೇ, ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ.

ಅಲ್ಲಿಂದ ಮುಂದಿನ ಮನೆಗೆ ಹೋಗುವಾಗ ಅಕ್ಕನ ನಡಿಗೆ ನಿಧಾನವಾಯಿತು. ಅಲ್ಲಿ ಒಬ್ಬರು ಹಿರಿಯರಿದ್ದಾರೆ. ಜಗಲಿಯಲ್ಲಿ ಕೂತು ಬಂದವರ ಕಾಲನ್ನು ಮೊದಲು ನೋಡುವವರು. ನಾನು ಫೋನ್ ಮಾಡಲು ಹೆದರಿದ್ದ ಮನೆ ಅದು. ದಣಪೆಯಲ್ಲಿ ಅವಳು ಬಾಟಲಿಯ ಉಳಿದ ನೀರನ್ನೆಲ್ಲ ಎರಡು ಕಾಲಿಗೂ ಸುರಿದುಕೊಂಡು ಒಳಗೆ ನಡೆದಳು. ನಾನು ಹೊರಗೇ ನಿಂತೆ.

"ಎಂತ, ಬೂಟ್ ಹಾಯ್ಕಂಡೇ ಒಳಗ್ ಬಂದ್ಯಾ?" ಜಗಲಿಯಿಂದ ಗಟ್ಟಿ ದನಿ ಬಂತು.

"ತೊಳ್ದೇ ಬಂದದ್ ಒಡೆರೆ. ಕಾಣಿ, ಇನ್ನೂ ನೀರ್ ಇಳಿತಾ ಇತ್ತ್."

ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಒಂದು ಕಾಲು ಬರಿದು, ಒಂದು ಕಾಲಿಗೆ ಕಪ್ಪು ಬೂಟು, ಎರಡೂ ಒದ್ದೆ. ಅವಳು ಬಂದ ದಾರಿಯಲ್ಲಿ ಅಂಗಳದ ಮೇಲೆ ಎರಡು ಬಗೆಯ ಒದ್ದೆ ಹೆಜ್ಜೆ. ಆಮೇಲೆ ತಮ್ಮ ಕಾಲನ್ನು ಮಡಚಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಜಾಗ ಮಾಡಿದರು.

"ಬುಟ್ಟಿ ಇಳ್ಸ್. ಎಂತ ಮೀನ್ ತಂದಿದೆ?"

ಅಕ್ಕ ಬುಟ್ಟಿ ಇಳಿಸಿ, ಎಡಗಾಲನ್ನು ಬೂಟಿನ ಸಮೇತ ಅವರ ಎದುರಿಗೇ ನೀಟಾಗಿ ಚಾಚಿ ಕೂತಳು.